ಕರೆಂಟಕ್ಕನ ರಬ್ಬರ್ ಚಪ್ಪಲಿ

ಬೆಳಗ್ಗೆ ಹಾಲು ತೆಗೆಯಬೇಕಾದರೆ ಅವಳು ಮೊದಲು ಚಪ್ಪಲಿ ಮೆಟ್ಟಬೇಕು. ಫ್ರಿಜ್ಜು ಇರುವುದು ಅಡುಗೆಮನೆಗೂ ಹೊಲಿಗೆ ಕೋಣೆಗೂ ನಡುವಿನ ಇಕ್ಕಟ್ಟಾದ ಜಾಗದಲ್ಲಿ. ಅದರ ಮುಂದೆ ಸದಾ ಒಂದು ಜೊತೆ ದಪ್ಪ ರಬ್ಬರ್ ಚಪ್ಪಲಿ ಇರುತ್ತದೆ. ಅದನ್ನು ಮೆಟ್ಟಿ, ಹೆಗಲ ಮೇಲಿನ ಟವೆಲ್ಲಿನಲ್ಲಿ ಎರಡು ಸಲ ಕೈ ಒರೆಸಿ, ಅದೇ ಟವೆಲ್ಲನ್ನು ಹಿಡಿಕೆಗೆ ಸುತ್ತಿ ಬಾಗಿಲು ಎಳೆಯುತ್ತಾಳೆ. ಹಾಲು ತೆಗೆದ ಮೇಲೆ ಮೊಣಕೈಯಿಂದಲ್ಲ, ಚಪ್ಪಲಿಯ ತುದಿಯಿಂದ ಬಾಗಿಲು ಮುಚ್ಚುತ್ತಾಳೆ. ದಿನಕ್ಕೆ ಹತ್ತು ಹನ್ನೆರಡು ಸಲ ಹೀಗೆ, ಒಂಬತ್ತು ವರ್ಷದಿಂದ.

ಆ ಶುಕ್ರವಾರವೂ ಗಂಡ ಮೇಜಿನ ಮುಂದೆ ಕೂತು ಅದನ್ನೇ ನೋಡುತ್ತಿದ್ದ.

"ಏನು ಕರೆಂಟಕ್ಕ, ಇವತ್ತು ಎಷ್ಟು ವೋಲ್ಟು?"

ಅವಳು ಹಾಲನ್ನು ಒಲೆಯ ಮೇಲಿಟ್ಟಳು.

"ಕೇಳ್ತಾ ಇರೋದು ನಿನ್ನನ್ನೇ. ಮೀಟರ್ ರೀಡಿಂಗ್ ಬರ್ಕೋಬೇಕು."

"ನೀವೊಂದು ಸಲ ಬರಿಗಾಲಲ್ಲಿ ಮುಟ್ಟಿ ನೋಡ್ರಿ. ಆಮೇಲೆ ಬರ್ಕೊಳ್ಳಿ."

"ನಂಗೇನು ಹುಚ್ಚಾ?" ಎಂದು ಅವನು ನಕ್ಕ. ಇಂಥ ಮಾತುಗಳಿಗೆ ತಾನೇ ಮೊದಲು ನಗುವುದು ಅವನ ರೂಢಿ.

ಅವಳು ಟೈಲರು. ವಯಸ್ಸು ನಲವತ್ತೊಂಬತ್ತು. ಪೇಟೆಯ ದೊಡ್ಡ ಅಂಗಡಿಯೊಂದು ಕೋಟುಗಳ ಕೈಕೆಲಸವನ್ನು ಅವಳಿಗೇ ಕಳಿಸುತ್ತದೆ. ಒಳಬಟ್ಟೆ ಕೂರಿಸುವುದು, ಕಾಜಾ ಹೊಲಿಯುವುದು, ಕಾಲರು ಎಳೆದುಕೊಳ್ಳದಂತೆ ಒಳಗಿಂದ ಸಣ್ಣ ಟಾಕು ಹಾಕುವುದು. ಮೆಷಿನ್ನಿನ ಪೆಡಲು ಹಿಡಿತಕ್ಕೆ ಸಿಗಬೇಕಾದರೆ ಬರಿಗಾಲೇ ಆಗಬೇಕು. ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವವಳ ಕೈ ಯಾವಾಗಲೂ ತೇವ. ಬರಿಗಾಲು, ತೇವದ ಕೈ: ಆ ಮನೆಯಲ್ಲಿ ಫ್ರಿಜ್ಜು ಮುಟ್ಟುವವರ ಪೈಕಿ ಇವೆರಡೂ ಇದ್ದದ್ದು ಅವಳೊಬ್ಬಳಿಗೆ. ಗಂಡನಿಗೆ ಹಿಮ್ಮಡಿ ಒಡೆಯುವ ತೊಂದರೆ. ಹಾಸಿಗೆಯಿಂದ ಎದ್ದ ಕ್ಷಣದಿಂದ ಮತ್ತೆ ಮಲಗುವ ತನಕ ಅವನ ಕಾಲಲ್ಲಿ ಸ್ಪಂಜಿನ ಚಪ್ಪಲಿ ಇರಲೇಬೇಕು. ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ.

ಅವನು ಫ್ಯಾನ್ ಕಾರ್ಖಾನೆಯೊಂದರ ಸ್ಟೋರ್‌ಕೀಪರ್. ರಿಪೇರಿಯನ್ನು ಯಾರೂ ಕಲಿಸಿದ್ದಲ್ಲ, ತಾನೇ ಕಲಿತದ್ದು. ಹತ್ತೊಂಬತ್ತು ವರ್ಷದ ಆ ಫ್ರಿಜ್ಜಿನಲ್ಲಿ ಅವನು ಬದಲಿಸದ ಭಾಗ ಕಡಿಮೆ. ಥರ್ಮೋಸ್ಟಾಟ್ ಎರಡು ಸಲ, ರಿಲೇ ಒಂದು ಸಲ, ಬಾಗಿಲ ಕೆಳಗಿನ ಬುಷ್ಷು, ಒಳಗಿನ ಬಲ್ಬಿನ ಸ್ವಿಚ್ಚು. ಬಾಗಿಲ ಸುತ್ತಲಿನ ರಬ್ಬರನ್ನು ಮೂರು ಸಲ ಬದಲಿಸಿದ್ದ. ಅದೊಂದು ಕೆಲಸವನ್ನು ಅವನು ನಿಜಕ್ಕೂ ಚೆನ್ನಾಗಿ ಮಾಡುತ್ತಾನೆ. ಅಂಗಡಿಯಲ್ಲಿ ಮಡಚಿಟ್ಟ ರಬ್ಬರಿಗೆ ಸುಕ್ಕು ಬಿದ್ದಿರುತ್ತದೆ. ಅದನ್ನು ಬಿಸಿನೀರಿನಲ್ಲಿ ಅದ್ದಿ, ನೆಲದ ಮೇಲೆ ನೆಟ್ಟಗೆ ಹಾಸಿ, ಸುಕ್ಕು ಬಿಟ್ಟ ಮೇಲೆಯೇ ಬಾಗಿಲಂಚಿನ ತೋಡಿನಲ್ಲಿ ಕೂರಿಸುತ್ತಾನೆ. ಆಮೇಲೆ ಅವಳ ಅಳತೆಯ ಚೀಟಿಯೊಂದನ್ನು ಕಸಿದುಕೊಂಡು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡುತ್ತಾನೆ. ಚೀಟಿ ಸರಾಗ ಜಾರಿ ಬಂದರೆ ರಬ್ಬರು ಹಿಡಿದಿಲ್ಲ ಎಂದು ಅರ್ಥ. "ಈ ಫ್ರಿಜ್ ಮೇಲೆ ನನ್ನ ಕೈ ಬಿಟ್ರೆ ಇನ್ನೊಬ್ಬನ ಕೈ ಬಿದ್ದಿಲ್ಲ" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ. ನೀರು ಕುಡಿಯಲು ಬಂದವರೂ ಇದನ್ನು ಕೇಳಿಸಿಕೊಂಡೇ ಹೋಗಬೇಕು.

ಒಂಬತ್ತು ವರ್ಷದ ಹಿಂದೆ ಫ್ರಿಜ್ಜಿನ ವೈರು ಪ್ಲಗ್ಗಿನ ಹತ್ತಿರ ಸುಟ್ಟಿತು. ಅವನು ಕಾರ್ಖಾನೆಯಿಂದ ವೈರು ತಂದು ಬದಲಿಸಿದ. ಅವಳಿಗೆ ಮೊದಲ ಸಲ ಶಾಕ್ ಹೊಡೆದದ್ದು ಅದಾದ ವಾರದಲ್ಲಿ. ಹೇಳಿದಾಗ ಅವನು ಟೆಸ್ಟರ್ ತಂದು ಹಿಡಿಕೆಗೆ ಮುಟ್ಟಿಸಿದ. ಟೆಸ್ಟರಿನೊಳಗೆ ಕೆಂಪು ದೀಪ ಮಿಣುಕಿತು. ಇಬ್ಬರೂ ನೋಡಿದರು.

"ಈ ಟೆಸ್ಟರ್ ಸರಿಯಿಲ್ಲ" ಎಂದ ಅವನು.

ಆ ಮೇಲೆ ಅದು ಅವನ ಪಾಲಿಗೆ ತಮಾಷೆಯ ಸರಕಾಯಿತು. ಮೆಟ್ಟಿಲ ಬಳಿ ನೆರೆಯವರು ಸಿಕ್ಕಿದರೆ, "ನಮ್ಮನೆಯವಳಿಗೆ ಫ್ರಿಜ್ ಮುಟ್ಟಿದ್ರೆ ಮೈಯೆಲ್ಲ ಜುಂ ಅನ್ನುತ್ತಂತೆ. ನಾನು ಮುಟ್ಟಿದ್ರೆ ಏನೂ ಅನ್ನಲ್ಲ!" ಎನ್ನುತ್ತಿದ್ದ. ಕರೆಂಟಕ್ಕ ಎಂಬ ಹೆಸರು ಮೂರು ಮಹಡಿಗೂ ಹಬ್ಬಿತು. ಕೋಟು ತರುವ ಆಳು ಕೂಡ ಕೆಳಗಿನಿಂದ ಹಾಗೆಂದೇ ಕೂಗುತ್ತಾನೆ. ಮೆಕ್ಯಾನಿಕ್ಕನನ್ನು ಅವಳು ಎರಡು ಸಲ ಕರೆಸಿದ್ದಳು. ಎರಡೂ ಸಲ ಸ್ಟೋರ್‌ಕೀಪರ್ ಬಾಗಿಲಿನಲ್ಲೇ ಅವನನ್ನು ತಡೆದು, ಹೆಂಡತಿಗೆ ತಲೆ ಸರಿಯಿಲ್ಲ ಎಂದು ಸನ್ನೆ ಮಾಡಿ ಕಳಿಸಿದ್ದ.

ನಗು ಅಷ್ಟಕ್ಕೇ ನಿಂತಿದ್ದರೆ ಅವಳು ಚಪ್ಪಲಿ ಮೆಟ್ಟಿಕೊಂಡೇ ಆಯುಷ್ಯ ಕಳೆಯುತ್ತಿದ್ದಳೇನೋ. ನಾಲ್ಕು ವರ್ಷದ ಹಿಂದೆ ಗಂಡನ ಅಕ್ಕ ಫೋನಿನಲ್ಲಿ, "ಇಲ್ಲದ್ದು ಇದೆ ಅನ್ಸೋದೇ ಕಾಯಿಲೆ ಕಣೋ. ನಗಬೇಡ, ಡಾಕ್ಟರಿಗೆ ತೋರಿಸು" ಎಂದರು. ಅವರು ನಿವೃತ್ತ ಹೆಡ್‌ಮಿಸ್ಟ್ರೆಸ್. ತಾಯಿ ತೀರಿದ ಮೇಲೆ ತಮ್ಮನನ್ನು ಸಾಕಿದವರು. ಅವರು ಗೆರೆ ಎಳೆದರೆ ಅವನು ದಾಟುವವನಲ್ಲ. ಡಾಕ್ಟರು ಗಂಡ ಹೇಳಿದ್ದನ್ನೆಲ್ಲ ಬರೆದುಕೊಂಡು ಮಾತ್ರೆ ಕೊಟ್ಟರು. ಅವಳು ಹದಿನಾಲ್ಕು ತಿಂಗಳು ನುಂಗಿದಳು. ನಿದ್ದೆ ಬರುತ್ತಿತ್ತು, ಬೆರಳು ತಡವಾಗಿ ಏಳುತ್ತಿತ್ತು. ಒಂದು ಮಧ್ಯಾಹ್ನ ಮೆಷಿನ್ ಸೂಜಿ ಎಡಗೈ ತೋರುಬೆರಳಿನ ಉಗುರನ್ನು ತೂರಿ ಆಚೆ ಬಂತು. ಕೆಳಗೆ ನೋಡುವ ತನಕ ಅವಳಿಗೆ ಅದು ಗೊತ್ತೇ ಆಗಲಿಲ್ಲ. ಅಂಗಡಿಯವರು ಕೋಟಿನ ಕೆಲಸ ನಿಲ್ಲಿಸಿದರು. ಅಂದಿನಿಂದ ಅವಳು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು, ಗಂಡ ಆಚೆ ಹೋದ ಮೇಲೆ ಉಗುಳಿ, ಗುಂಡಿಗಳ ಡಬ್ಬಕ್ಕೆ ಹಾಕತೊಡಗಿದಳು. ಆರು ತಿಂಗಳಲ್ಲಿ ಬೆರಳು ಸರಿಹೋಯಿತು. ಕೋಟುಗಳು ಮತ್ತೆ ಬಂದವು.

ಕಳೆದ ತಿಂಗಳು ವಾಷರ್ ಹುಡುಕುತ್ತಾ ಸ್ಟೋರ್‌ಕೀಪರ್ ಆ ಡಬ್ಬವನ್ನು ಮೇಜಿನ ಮೇಲೆ ಸುರಿದ. ಬಿಳಿ ಗುಂಡಿಗಳ ನಡುವೆ ಬಿಳಿ ಮಾತ್ರೆಗಳು ಬಿದ್ದವು. ಅವನು ಅವನ್ನು ಬೇರ್ಪಡಿಸಿ, ಸಾಲಾಗಿ ಜೋಡಿಸಿ, ಫೋಟೊ ತೆಗೆದು ಅಕ್ಕನಿಗೆ ಕಳಿಸಿದ.

ಅಕ್ಕ ಶುಕ್ರವಾರ ಸಂಜೆ ಎರಡು ಪೆಟ್ಟಿಗೆಗಳೊಂದಿಗೆ ಬಂದಿಳಿದರು. ಸೋಮವಾರ ಹನ್ನೊಂದು ಗಂಟೆಗೆ ಡಾಕ್ಟರ ಬಳಿ ಸಮಯ ಗೊತ್ತು ಮಾಡಿಸಿಕೊಂಡೇ ಬಂದಿದ್ದರು. ಈ ಸಲ ಮಾತ್ರೆಯನ್ನು ತಾವೇ ಕೈಯಾರೆ ಕೊಟ್ಟು, ಬಾಯಿ ತೆರೆಸಿ ನೋಡುವುದಾಗಿ ಹೇಳಿದರು. ಎಷ್ಟು ದಿನ ಬೇಕಾದರೂ ಇರಲು ಸಿದ್ಧರಿದ್ದರು.

"ಅತ್ತಿಗೆ, ಮಾತ್ರೆ ತಗೊಂಡ್ರೆ ನಂಗೆ ಕೈ ಏಳಲ್ಲ. ಕೋಟು ಹೊಲಿಯೋಕಾಗಲ್ಲ" ಎಂದಳು ಅವಳು.

"ಕೋಟು ಹೊಲಿಯೋಕೆ ಊರಲ್ಲಿ ಬೇರೆ ಯಾರೂ ಇಲ್ವಾ? ಮೊದಲು ತಲೆ ಸರಿಯಾಗ್ಲಿ."

"ನನ್ನ ತಲೆ ಸರಿಯಾಗೇ ಇದೆ. ಫ್ರಿಜ್ಜು ಸರಿಯಿಲ್ಲ."

ಅತ್ತಿಗೆ ತಮ್ಮನ ಮುಖ ನೋಡಿದರು. ಅವನು ಭುಜ ಕುಣಿಸಿದ. ಅತ್ತಿಗೆ ನಡೆದು ಹೋಗಿ ಫ್ರಿಜ್ಜಿನ ಬಾಗಿಲನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಪ್ರಯಾಣ ಮಾಡಿ ಬಂದ ಕಾಲಿನಲ್ಲಿ ದಪ್ಪ ಕಾಲುಚೀಲ ಇನ್ನೂ ಇತ್ತು.

"ಎಲ್ಲಮ್ಮಾ ನಿನ್ನ ಶಾಕು? ನೆಂಟರು ಬಂದಿದ್ದಾರೆ ಅಂತ ನಾಚ್ಕೊಂಡ್ತಾ?"

ಸ್ಟೋರ್‌ಕೀಪರ್ ಗೋಡೆ ಹಿಡಿದುಕೊಂಡು ನಕ್ಕ. ಅತ್ತಿಗೆ ರಬ್ಬರ್ ಚಪ್ಪಲಿಯನ್ನು ಕಾಲಿನಿಂದ ಸರಿಸಿದರು. "ಈ ನಾಟಕದ ಸಾಮಾನು ಮೊದಲು ಆಚೆ ಹಾಕು. ನಾನಿರೋ ತನಕ ಇದು ಇಲ್ಲಿ ಕಾಣಬಾರದು." ಅವಳು ಚಪ್ಪಲಿಯನ್ನು ಎತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿಟ್ಟಳು.

ಶನಿವಾರ ಬೆಳಗ್ಗೆ ಅತ್ತಿಗೆ ಸ್ನಾನಕ್ಕೆ ಹೋದಾಗ ಅವಳು ನೆಲ ಒರೆಸುತ್ತಿದ್ದಳು. ಹಜಾರ ಒರೆಸಿದಳು, ಅಡುಗೆಮನೆ ಒರೆಸಿದಳು, ಫ್ರಿಜ್ಜಿನ ಮುಂದಿನ ಜಾಗವನ್ನೂ ಒರೆಸಿದಳು. ಬಚ್ಚಲಿನ ಚಿಲಕ ತೆಗೆದ ಸದ್ದಾಯಿತು. ಅವಳು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ, ಫ್ರಿಜ್ಜಿನ ಮುಂದಿನ ಜಾಗವನ್ನು ಇನ್ನೊಮ್ಮೆ ಒರೆಸಿದಳು. ಆಮೇಲೆ ಹೋಗಿ ಮೆಷಿನ್ನಿನ ಮುಂದೆ ಕೂತಳು. ಅಲ್ಲಿಂದ ಫ್ರಿಜ್ಜು ಪೂರ್ತಿ ಕಾಣುತ್ತದೆ.

ಅತ್ತಿಗೆ ಬರಿಗಾಲಿನಲ್ಲಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದರು. "ಸೆಕೆ ಅಂದ್ರೆ ಸೆಕೆ. ತಣ್ಣೀರು ಇದ್ಯೇನೇ?"

"ಇದೆ ಅತ್ತಿಗೆ. ಬಾಗಿಲಲ್ಲೇ ಇದೆ ಬಾಟ್ಲಿ."

ಅವಳ ಕೈಯಲ್ಲಿ ಕೋಟಿನ ತೋಳಿತ್ತು, ಸೂಜಿ ಅರ್ಧ ಹೊಲಿಗೆಯಲ್ಲಿ ನಿಂತಿತ್ತು. ಅತ್ತಿಗೆ ನಾಲ್ಕು ಹೆಜ್ಜೆ ನಡೆದು ಹಿಡಿಕೆಗೆ ಕೈ ಹಾಕಿದರು.

ಕೂಗು ಕೆಳಗಿನ ಮಹಡಿಗೂ ಕೇಳಿಸಿತು. ಅತ್ತಿಗೆಯ ಕೈ ಹಿಡಿಕೆಯಿಂದ ಕಿತ್ತುಕೊಂಡು ಬಂತು, ದೇಹ ಹಿಂದಿನ ಗೋಡೆಗೆ ಬಡಿಯಿತು, ಕೂದಲ ಬಟ್ಟೆ ಬಿಚ್ಚಿ ಒದ್ದೆ ನೆಲಕ್ಕೆ ಬಿತ್ತು. ಸ್ಟೋರ್‌ಕೀಪರ್ ಗಡ್ಡದ ಸೋಪು ಹಾಗೇ ಇಟ್ಟುಕೊಂಡು ಓಡಿಬಂದ.

"ಏನಾಯ್ತಕ್ಕ?"

"ಶಾಕ್ ಕಣೋ! ಭುಜದ ತನಕ ಎಳೀತು! ಮನೇಲಿ ಇಂಥದ್ದು ಇಟ್ಕೊಂಡಿದ್ದೀಯಲ್ಲೋ!"

ಅವನು ಫ್ರಿಜ್ಜನ್ನೊಮ್ಮೆ ನೋಡಿದ, ಅಕ್ಕನನ್ನೊಮ್ಮೆ ನೋಡಿದ. "ಶಾಕ್ ಹೊಡೀತಾ ಇದೆ" ಎಂದ. ಒಂಬತ್ತು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಕೋಟನ್ನು ಮಡಚಿಟ್ಟು ಎದ್ದು ನಿಂತಳು. ಇನ್ನು ಸೋಮವಾರದ ಮಾತು ಯಾರೂ ಎತ್ತಲಾರರು ಎಂದುಕೊಂಡಳು.

ಮುಂದಿನ ಕೆಲಸ ನಲವತ್ತು ನಿಮಿಷದಲ್ಲಿ ಮುಗಿಯಿತು. ಅವನು ಮೂಲೆಯ ಅಂಗಡಿಗೆ ಹೋಗಿ ಮೂರು ಎಳೆಯ ಹೊಸ ವೈರು, ಮೂರು ಪಿನ್ನಿನ ಪ್ಲಗ್ಗು ತಂದ. ಪ್ಲಗ್ಗು ಕಿತ್ತು, ಫ್ರಿಜ್ಜನ್ನು ಎಳೆದು ತಿರುಗಿಸಿದ. ಅತ್ತಿಗೆ ಕುರ್ಚಿಯಲ್ಲಿ ಕೂತು ಭುಜ ನೀವಿಕೊಳ್ಳುತ್ತಿದ್ದರು. ಅವಳು ಟಾರ್ಚು ಹಿಡಿದಳು.

ಕಂಪ್ರೆಸರಿನ ಪಕ್ಕದ ಮುಚ್ಚಳ ತೆಗೆದಾಗ ಎಲ್ಲವೂ ಕಂಡಿತು. ಹಳೆಯ ವೈರಿನ ಹೊದಿಕೆ ಬಿಸಿಗೆ ಬಿರುಕು ಬಿಟ್ಟು, ಧೂಳು ತೇವ ಕುಡಿದು, ತಗಡಿಗೆ ಅಂಟಿಕೊಂಡಿತ್ತು. ಆ ವೈರಿನಲ್ಲಿ ಇದ್ದದ್ದು ಎರಡೇ ಎಳೆ. ಫ್ರಿಜ್ಜಿನ ಮೈಯಿಂದಲೇ ಹೊರಟು, ಅದಕ್ಕೆ ತಗಲುವ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಹಸಿರು ಎಳೆಯನ್ನು ಯಾರೋ ಬುಡದಲ್ಲೇ ಕತ್ತರಿಸಿ, ಮಡಚಿ, ತುದಿಗೆ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿದ್ದರು. ನೀಲಿ ಪಟ್ಟಿ, ನಡುವೆ ಬಿಳಿ ದಾರ.

ಸ್ಟೋರ್‌ಕೀಪರ್ ಕತ್ತರಿಯಿಂದ ಪಟ್ಟಿ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. "ಯಾವನೋ ಮೆಕ್ಯಾನಿಕ್ ಅರ್ತಿಂಗೇ ಕತ್ತರಿಸಿದ್ದಾನೆ ಅಕ್ಕ. ಅದಕ್ಕೇ ಈ ಗತಿ."

"ಈ ಫ್ರಿಜ್ ಮೇಲೆ ನಿಮ್ಮ ಕೈ ಬಿಟ್ರೆ ಇನ್ನೊಬ್ಬರ ಕೈ ಬಿದ್ದಿಲ್ಲ ಅಂತೀರಲ್ಲ" ಎಂದಳು ಅವಳು.

"ಟಾರ್ಚ್ ಸರಿಯಾಗಿ ಹಿಡಿ."

"ಆ ಪಟ್ಟಿ ನಂದು. ಆವತ್ತು ಟೇಪ್ ಖಾಲಿಯಾಗಿದೆ, ಏನಾದ್ರೂ ಕೊಡು ಅಂದ್ರಿ. ನಾನೇ ಹೊಲಿದು ಕೊಟ್ಟೆ. ಜೇಬಿಂದ ತೆಗೀರಿ, ಅತ್ತಿಗೆಗೆ ತೋರಿಸ್ತೀನಿ, ಅದು ನನ್ನದೇ ಹೊಲಿಗೆ."

ಅವನು ತೆಗೆಯಲಿಲ್ಲ. ಬಾಗಿಕೊಂಡು ಸ್ಕ್ರೂ ಬಿಗಿಮಾಡುತ್ತಲೇ ಹೇಳಿದ: "ಆಗ ಗೋಡೇಲಿ ಎರಡೇ ತೂತಿತ್ತು. ಎಲ್ರೂ ಹಂಗೇ ಮಾಡ್ತಾರೆ."

"ಗೊತ್ತಿತ್ತು ನಿಮಗೆ."

"ಗೊತ್ತಿತ್ತು ಅಂತ ಯಾರು ಹೇಳಿದ್ರು? ನೀನು ಸರಿಯಾಗಿ ಹೇಳಬೇಕಿತ್ತು. ಜುಂ ಅನ್ನುತ್ತೆ, ಜುಂ ಅನ್ನುತ್ತೆ ಅಂದ್ರೆ ಯಾರಿಗೆ ಅರ್ಥ ಆಗುತ್ತೆ?"

ಅವಳು ಅತ್ತಿಗೆಯ ಕಡೆ ತಿರುಗಿದಳು. ಮೂವತ್ತು ವರ್ಷ ಮಕ್ಕಳ ಜಗಳ ವಿಚಾರಿಸಿದ ಹೆಂಗಸು. ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಮುಖ ನೋಡಿಯೇ ಹೇಳುತ್ತೇನೆ ಎಂಬುದು ಅವರ ಹೆಮ್ಮೆ. ಅತ್ತಿಗೆ ತಮ್ಮನ ಜೇಬನ್ನು ನೋಡುತ್ತಿದ್ದರು. ಎಲ್ಲವೂ ಅರ್ಥವಾದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಅವರು ಕಣ್ಣನ್ನು ಅಲ್ಲಿಂದ ಕಿತ್ತು, ಫ್ರಿಜ್ಜಿನ ಮುಂದೆ ಇನ್ನೂ ಆರದ ನೆಲದ ಮೇಲಿಟ್ಟರು.

"ಅದು ಹಾಗಿರಲಿ. ನಾನು ನೀರು ತಗೋಳಕ್ಕೆ ಹೋದಾಗ ನೀನು ಎಲ್ಲಿದ್ದೆ?"

"ಮೆಷಿನ್ ಹತ್ರ."

"ನೀನು ಅಲ್ಲಿಂದ ನೋಡ್ತಾ ಇದ್ದೆ."

ಅವಳು ಟಾರ್ಚನ್ನು ಕೆಳಗಿಳಿಸಿದಳು.

"ಬರಿಗಾಲು, ಒದ್ದೆ ಕೈ. ಶಾಕ್ ಹೊಡೆಯುತ್ತೆ ಅಂತ ನಿನಗೆ ಗೊತ್ತು. 'ಮುಟ್ಟಬೇಡಿ ಅತ್ತಿಗೆ' ಅಂತ ಒಂದು ಮಾತು ಬರಲಿಲ್ವೇನೇ ನಿನ್ನ ಬಾಯಲ್ಲಿ?"

"ಒಂಬತ್ತು ವರ್ಷ ಹೇಳಿದೆ ಅತ್ತಿಗೆ. ನಿನ್ನೆ ಸಂಜೇನೂ ಹೇಳಿದೆ."

"ಇವತ್ತು ಹೇಳಿದ್ಯಾ?"

"ಇಲ್ಲ."

"ನೆಲ ಒರೆಸಿದ್ದೀಯ, ಮಿಕ್ಕಿದ್ದೆಲ್ಲ ಆರಿದೆ. ಇಲ್ಲೊಂದು ಕಡೆ ಮಾತ್ರ ನೀರು ನಿಂತಿದೆ." ಅತ್ತಿಗೆ ತಮ್ಮನ ಕಡೆ ತಿರುಗಿದರು. ದನಿ ತರಗತಿಯ ದನಿಯಾಗಿತ್ತು. "ಕೇಳಿಸ್ಕೊಂಡ್ಯೇನೋ? ನಾನು ಅಂದ್ಕೊಂಡಿದ್ದಕ್ಕಿಂತ ಕಾಯಿಲೆ ಮುಂದೆ ಹೋಗಿದೆ."

ಸ್ಟೋರ್‌ಕೀಪರ್ ಬೆನ್ನು ನೆಟ್ಟಗೆ ಮಾಡಿದ. ಅವನ ಮುಖಕ್ಕೆ ಕಳೆ ಬಂದಿತ್ತು. "ಅದೇ ಅಕ್ಕ. ದಿನಾ ಇದರ ಜೊತೆ ಬಾಳ್ತಾ ಇರೋದು ನಾನು."

ಫ್ರಿಜ್ಜನ್ನು ಗೋಡೆಗೆ ತಳ್ಳಿ ಹೊಸ ಪ್ಲಗ್ಗು ಚುಚ್ಚಿದ. ಗೋಡೆಯಲ್ಲಿ ಮೂರು ತೂತಿನ ಸ್ವಿಚ್‌ಬೋರ್ಡ್ ಬಂದು ಏಳು ವರ್ಷವಾಗಿತ್ತು. ಅವನು ಟೆಸ್ಟರ್ ಮುಟ್ಟಿಸಿದ, ದೀಪ ಹತ್ತಲಿಲ್ಲ. ಸ್ಪಂಜಿನ ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ನಿಂತು, ಎರಡೂ ಕೈಯಿಂದ ಹಿಡಿಕೆ ಹಿಡಿದು ಅಕ್ಕನಿಗೆ ತೋರಿಸಿದ. "ಈಗ ಮುಟ್ಟು ಅಕ್ಕ." ಅತ್ತಿಗೆ ಒಂದು ಬೆರಳಿನಿಂದ ಮುಟ್ಟಿದರು. ನಂತರ ಬಾಗಿಲು ತೆರೆದು ನೀರು ಕುಡಿದರು.

ಮಧ್ಯಾಹ್ನ ಅವಳು ಬಾಲ್ಕನಿಯಿಂದ ಚಪ್ಪಲಿ ತಂದು, ಮೆಟ್ಟಿ, ಟವೆಲ್ಲು ಸುತ್ತಿ ಹಾಲು ತೆಗೆದಳು. "ನೋಡು, ಚಪ್ಪಲಿ ಇನ್ನೂ ಮೆಟ್ತಾಳೆ" ಎಂದ ಅವನು ಅಕ್ಕನಿಗೆ. ಅತ್ತಿಗೆ ಒಂದು ಹಾಳೆಯಲ್ಲಿ ಡಾಕ್ಟರಿಗೆ ಹೇಳಬೇಕಾದ ವಿಷಯಗಳನ್ನು ಬರೆಯುತ್ತಿದ್ದರು. ಇದನ್ನೂ ಬರೆದುಕೊಂಡರು. ನೆಲ ಒರೆಸಿದ್ದು ಮೊದಲನೆಯ ಸಾಲಿನಲ್ಲಿತ್ತು.

ಸಂಜೆ ಸ್ಟೋರ್‌ಕೀಪರ್ ಅಂಗಡಿಗೆ ಫೋನು ಮಾಡಿ, ಮುಗಿಯದ ಐದು ಕೋಟುಗಳನ್ನು ಒಯ್ಯಲು ಆಳನ್ನು ಕಳಿಸಿ ಎಂದ. ಆಳು ನಾಳೆ ನಾಲ್ಕು ಗಂಟೆಗೆ ಬರುತ್ತಾನೆ. ಡಾಕ್ಟರ ಭೇಟಿ ಸೋಮವಾರ ಹನ್ನೊಂದಕ್ಕೆ.