ಇಪ್ಪತ್ತಾರನೆಯ ತಟ್ಟೆ

ಶಿರಸಿ ಕಡೆಯ ಎಕ್ಕಂಬಿಯಿಂದ ಒಳಗೆ ಮೂರು ಕಿಲೋಮೀಟರ್ ನಡೆದರೆ ಸಿಗುವ ಸರ್ಕಾರಿ ಶಾಲೆಯಲ್ಲಿ ಗಂಗೆ ಬಿಸಿಯೂಟದ ಅಡುಗೆಯವಳು. ಅಡುಗೆಯವರು ಇಬ್ಬರು. ದೇವಕ್ಕ ಹಿರಿಯಳು, ಹದಿನೆಂಟು ವರ್ಷದಿಂದ ಇದ್ದಾಳೆ. ಗಂಗೆ ಬಂದು ಐದು ವರ್ಷವಾಯಿತು. ಸರ್ಕಾರ ಕೊಡುವುದನ್ನು ಸಂಬಳ ಎನ್ನಲು ಸರ್ಕಾರಕ್ಕೇ ನಾಚಿಕೆ, ಅದಕ್ಕೇ ಗೌರವಧನ ಎಂದು ಹೆಸರಿಟ್ಟಿದ್ದಾರೆ. ಆದರೂ ಗಂಗೆಗೆ ಆ ಕೆಲಸವೆಂದರೆ ಜೀವ. ಅದಕ್ಕೆ ಮುಂಚೆ ಅವಳು ಕಂಡವರ ಗದ್ದೆ ತೋಟಕ್ಕೆ ಹೋಗುತ್ತಿದ್ದಳು. ಬೆಳಗ್ಗೆ ಯಾರಾದರೂ ಬೇಲಿಯಾಚೆ ನಿಂತು, "ಏ ಗಂಗೆ, ಇವತ್ತು ಬಾ" ಎಂದರೆ ಕೂಲಿ, ಎನ್ನದಿದ್ದರೆ ಇಲ್ಲ. ಶಾಲೆಗೆ ಸೇರಿದ ದಿನದಿಂದ ಅವಳು ಗಂಗಕ್ಕ. ಒಂದನೆಯ ತರಗತಿಯ ಚಿಳ್ಳೆಪಿಳ್ಳೆಗಳೂ "ಗಂಗಕ್ಕೋರೇ, ಇನ್ನೊಂಚೂರು ಸಾರು" ಎಂದು ತಟ್ಟೆ ಹಿಡಿಯುತ್ತವೆ. ನಲವತ್ತರ ಹತ್ತಿರಕ್ಕೆ ಬಂದ ಹೆಂಗಸಿಗೆ ಮೊದಲ ಸಲ ಸಿಕ್ಕ ಮರ್ಯಾದೆ ಅದು. ಅವಳು ಮಾಡಿದ ಕೆಲಸವನ್ನು ಹೇಳುವ ಮುಂಚೆ ಇಷ್ಟನ್ನಾದರೂ ಅವಳ ಪರವಾಗಿ ಹೇಳದಿದ್ದರೆ ಅನ್ಯಾಯವಾಗುತ್ತದೆ.

ಅವಳ ಮಗಳು ಭೂಮಿಕಾ ಅದೇ ಶಾಲೆಯಲ್ಲಿ ಐದನೆಯ ತರಗತಿ. ಗಣಿತವೆಂದರೆ ಆ ಹುಡುಗಿಗೆ ಆಟ. ಸಾರಿಗೆ ಎಷ್ಟು ಬೇಳೆ, ಎಷ್ಟು ಎಣ್ಣೆ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಲೆಕ್ಕ ಹಾಕಿ ಹೇಳಿ ಓಡುತ್ತಿದ್ದಳು. ಮುಖ್ಯೋಪಾಧ್ಯಾಯ ಶಂಭುಲಿಂಗ ಮೇಷ್ಟ್ರು ಹಾವೇರಿ ಕಡೆಯವರು. ಅವರೇ ಮುಂದೆ ನಿಂತು, ಆರನೆಯ ತರಗತಿಗೆ ಸೇರಿಸಿಕೊಳ್ಳುವ ಸರ್ಕಾರಿ ವಸತಿ ಶಾಲೆಯ ಪರೀಕ್ಷೆಗೆ ಅವಳ ಅರ್ಜಿ ತುಂಬಿದರು. ಸಂಜೆ ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು ಹೇಳಿಕೊಟ್ಟರು. ಚಳಿ ಕಳೆಯುವ ಹೊತ್ತಿಗೆ ಶಿರಸಿಯಲ್ಲಿ ಪರೀಕ್ಷೆ ನಡೆಯಿತು. ಹುಡುಗಿ ಹೊರಗೆ ಬಂದವಳೇ ಪ್ರಶ್ನೆಪತ್ರಿಕೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, "ಅಮ್ಮ, ನೂರರಲ್ಲಿ ಎಂಬತ್ತೇಳು ಸರಿ. ನೋಡ್ತಾ ಇರು" ಎಂದಳು. ಆ ದಿನ ಗಂಗೆಗೆ ನಿಜಕ್ಕೂ ಖುಷಿಯಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮಗಳಿಗೆ ಐಸ್‌ಕ್ರೀಮು ಕೊಡಿಸಿದಳು.

ಮಾರ್ಚ್ ಕೊನೆಗೆ ಮೇಷ್ಟ್ರು ಮುಂದಿನ ವರ್ಷದ ಮಕ್ಕಳನ್ನು ಎಣಿಸಿದರು. ಏಳನೆಯ ತರಗತಿಯವರು ಹೊರಗೆ, ಅಂಗನವಾಡಿಯಿಂದ ಇಬ್ಬರು ಒಳಗೆ. ಒಟ್ಟು ಇಪ್ಪತ್ತಾರು. ಇಪ್ಪತ್ತೈದರವರೆಗೆ ಒಬ್ಬರೇ ಅಡುಗೆಯವರು ಸಾಕು, ಒಂದು ಮಗು ಹೆಚ್ಚಿದ್ದರೂ ಇಬ್ಬರು. ಇದು ನಿಯಮ.

"ಭೂಮಿಕಾನ್ನ ಹಿಡದು ಇಪ್ಪತ್ತಾರು ಆಗ್ತದ ನೋಡ್ರಿ ಗಂಗಕ್ಕ" ಎಂದರು ಮೇಷ್ಟ್ರು. ಮಕ್ಕಳು ಇನ್ನೂ ಇಳಿದರೆ ಮೇಷ್ಟ್ರುಗಳನ್ನೂ ಎಲ್ಲಿಗೋ ಎತ್ತಿಹಾಕುತ್ತಾರೆ ಎನ್ನುವುದು ಗಂಗೆಗೂ ಗೊತ್ತಿತ್ತು. ಈ ಮೇಷ್ಟ್ರು ಹತ್ತಿರದ ಇಸಳೂರಿನಲ್ಲಿ ಆಗಷ್ಟೇ ಮನೆ ಕಟ್ಟಿಸಿದ್ದರು. ಗಂಗೆಯ ಗಂಡ ಮಂಜ ಆ ಮನೆಗೇ ಗಾರೆ ಕೆಲಸಕ್ಕೆ ಹೋಗಿದ್ದವನು.

ಮೇ ತಿಂಗಳಲ್ಲಿ ಗಂಗೆಯ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬಂತು. ಮಾರನೆಯ ದಿನ ಸಾಮಾನು ತರಲು ಶಿರಸಿಗೆ ಹೋದಾಗ ಒಂದು ಕಂಪ್ಯೂಟರ್ ಅಂಗಡಿಯ ಹುಡುಗಿಗೆ ತೋರಿಸಿದಳು.

"ಸೀಟು ಬಂದದೆ ಅಕ್ಕ! ಸಿದ್ದಾಪುರದ ಬದಿಗೆ ಶಾಲೆ. ಎಂಬತ್ತೆಂಟು ಮಾರ್ಕ್ಸು. ಹತ್ತು ದಿನದೊಳಗೆ ಹೋಗಿ ಸೇರಿಸ್ಬೇಕು, ಇಲ್ದಿದ್ರೆ ಬೇರೆಯವ್ರಿಗೆ ಹೋಗ್ತದೆ."

ಗಂಗೆ ಕಾಲು ಕಿಲೋ ಪೇಡೆ ಕಟ್ಟಿಸಿಕೊಂಡಳು. ಇದನ್ನು ಮರೆಯಬಾರದು. ಬಸ್ಸಿನಲ್ಲಿ ಕೂತಾಗ ಅವಳ ಮನಸ್ಸಿನಲ್ಲಿ ಮಗಳನ್ನು ಕಳಿಸುವುದೇ ಇತ್ತು. ಟ್ರಂಕು ಬೇಕು, ಎರಡು ಜೊತೆ ಹೊಸ ಬಟ್ಟೆ ಬೇಕು ಎಂದು ಯೋಚಿಸುತ್ತಲೇ ಎಕ್ಕಂಬಿಯಲ್ಲಿ ಇಳಿದಳು. ಊರ ದಾರಿ ಹಿಡಿದು ಅರ್ಧ ನಡೆದಿದ್ದಳು. ತೋಟದ ಬೇಲಿಯ ದಣಪೆಯ ಹತ್ತಿರ ನಿಂತಿದ್ದ ಯಜಮಾನರ ಮಗ, ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಮೊಬೈಲಿನಿಂದ ತಲೆಯೆತ್ತದೆ ಕೂಗಿದ.

"ಏ ಗಂಗೆ, ನಾಳೆ ಬೇಗ ಬಾ. ಮೊನ್ನೆ ಹಂಗೆ ಒಂಬತ್ತಕ್ಕೆ ಬಂದ್ರೆ ವಾಪಸ್ ಕಳಿಸ್ತೆ."

ರಜೆಯ ಎರಡು ತಿಂಗಳು ಗೌರವಧನ ಇಲ್ಲ, ಕೂಲಿಯೇ ಗತಿ. ಜೂನ್ ಬಂದರೆ ಮುಗಿಯುತ್ತದೆ ಎಂದು ಅವಳು ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದಳು. ಈ ಸಲ ಜೂನ್ ಬಂದರೂ ಮುಗಿಯುವುದಿಲ್ಲ ಎಂಬುದು ಅಲ್ಲೇ, ಆ ದಣಪೆಯ ಎದುರೇ ಅವಳಿಗೆ ಹೊಳೆಯಿತು. ಭೂಮಿಕಾ ಹೋದರೆ ಉಳಿಯುವುದು ಇಪ್ಪತ್ತೈದೇ ಮಕ್ಕಳು; ಇಬ್ಬರಲ್ಲಿ ಒಬ್ಬರನ್ನು ಬಿಡಿಸಿದರೆ ಆಮೇಲೆ ಬಂದವಳನ್ನೇ ಬಿಡಿಸುತ್ತಾರೆ.

"ಆಯ್ತ್ರಾ" ಎಂದು ಹೇಳಿ ಮನೆಗೆ ಬಂದಳು. ಭೂಮಿಕಾ ಅಂಗಳಕ್ಕೆ ಓಡಿ ಬಂದು ಚೀಲ ಇಸಿದುಕೊಂಡಳು.

"ಅಮ್ಮ, ರಿಸಲ್ಟ್ ಬಂತಾ?"

"ಬಂತು. ನಿಂದು ಆಗ್ಲಿಲ್ಲ ಮಗಾ."

ಬಾಯಿಂದ ಬಿದ್ದೇ ಹೋಯಿತು. ನಾಳೆ ನಿಜ ಹೇಳಿದರಾಯಿತು, ಒಂದು ದಿನ ಯೋಚನೆ ಮಾಡೋಣ ಎಂದುಕೊಂಡಳು. ಹುಡುಗಿ ಅಳಲಿಲ್ಲ. ಒಳಗೆ ಹೋಗಿ ಪ್ರಶ್ನೆಪತ್ರಿಕೆ ತೆಗೆದು ತುಂಬ ಹೊತ್ತು ನೋಡಿದಳು. "ಹಂಗಾರೆ ನಾನು ಸರಿ ಅಂದ್ಕೊಂಡಿದ್ದೆಲ್ಲ ತಪ್ಪು" ಎಂದಳು, ತನಗೆ ತಾನೇ. ಪೇಡೆ ಯಾಕೆ ತಂದೆ ಎಂದು ಯಾರೂ ಕೇಳಲಿಲ್ಲ. ಮಂಜ ಎರಡು ತಿಂದು, "ಹೋಗ್ಲಿ ಬಿಡು, ಇಲ್ಲೇ ಕಣ್ಣೆದುರಿಗೆ ಇರ್ತದೆ" ಎಂದ.

ಹತ್ತು ದಿನಗಳೆಂದರೆ ಕಡಿಮೆಯಲ್ಲ. ಮನಸ್ಸು ಬದಲಾಯಿಸಲು ಹತ್ತು ಬೆಳಗು ಸಿಗುತ್ತವೆ. ಒಂದೊಂದು ಬೆಳಗಿಗೂ ಗಂಗೆ ಒಂದೊಂದು ಕಾರಣ ಹುಡುಕಿದಳು. ಹನ್ನೊಂದು ವರ್ಷದ ಹುಡುಗಿ ಹಾಸ್ಟೆಲಿನಲ್ಲಿ ಹೇಗಿರುತ್ತಾಳೆ? ದೊಡ್ಡವಳಾದರೆ ಯಾರು ನೋಡಿಕೊಳ್ಳುತ್ತಾರೆ? ಜ್ವರ ಬಂದರೆ? ಎಲ್ಲ ತಾಯಂದಿರೂ ಕೇಳುವ ಪ್ರಶ್ನೆಗಳೇ. ಆದರೆ ಇವು ಪರೀಕ್ಷೆ ಬರೆಸುವಾಗ ಎಲ್ಲಿ ಹೋಗಿದ್ದವು ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಎಂಟನೆಯ ದಿನ ಮೇಷ್ಟ್ರ ಫೋನು ಬಂತು.

"ಏನಾತ್ರಿ ಗಂಗಕ್ಕ ರಿಸಲ್ಟು?"

"ಆಗ್ಲಿಲ್ಲ ಸರ್."

ಮೇಷ್ಟ್ರು ಹುಡುಗಿಯ ಪರೀಕ್ಷೆಯ ನಂಬರು ಹೇಳಿ ಎಂದರೆ, ತಾನೇ ನೋಡುತ್ತೇನೆ ಎಂದರೆ, ಮುಗಿಯಿತು. ಅವರು ಕೇಳಲಿ ಎಂದೂ ಅವಳಿಗೆ ಒಳಗೊಳಗೇ ಅನಿಸಿತು. ಕೇಳಿಬಿಟ್ಟಿದ್ದರೆ ಆ ಭಾರ ಇಳಿದುಹೋಗುತ್ತಿತ್ತು.

"ಇರ್ಲಿ ಬಿಡ್ರಿ. ನಮ್ಮ ಸಾಲ್ಯಾಗ ಓದ್ಲಿ, ಏನೂ ಕಡಿಮಿ ಆಗೂದಿಲ್ಲ" ಎಂದರು ಮೇಷ್ಟ್ರು. ನಾಲ್ಕು ತಿಂಗಳು ಹೇಳಿಕೊಟ್ಟ ಮನುಷ್ಯ ಅಷ್ಟು ಬೇಗ ಫೋನು ಇಡಬಾರದಿತ್ತು. ಅವರೂ ನೋಡಿಲ್ಲ, ನೋಡುವುದೂ ಇಲ್ಲ ಎಂದು ಗಂಗೆಗೆ ಅರ್ಥವಾಯಿತು. ಇಬ್ಬರಿಗೂ ಒಂದೇ ಸಂಖ್ಯೆ ಬೇಕಿತ್ತು.

ಹನ್ನೊಂದನೆಯ ದಿನ ಅವಳಿಗೆ ಚೆನ್ನಾಗಿ ನಿದ್ದೆ ಬಂತು. ಸುಳ್ಳು ಹೇಳಿದ್ದಕ್ಕಿಂತ ಈ ನಿದ್ದೆಯನ್ನು ಕ್ಷಮಿಸುವುದು ಕಷ್ಟ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಇಪ್ಪತ್ತಾರು ತಟ್ಟೆ, ಇಬ್ಬರು ಅಡುಗೆಯವರು. ಭೂಮಿಕಾ ಆರನೆಯ ತರಗತಿಯಲ್ಲಿ ಕೂತಳು. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಆಮೇಲೆ, ಅವಳು ಲೆಕ್ಕ ಮಾಡಿ ಮೇಷ್ಟ್ರಿಗೆ ತೋರಿಸುವ ಮುಂಚೆ ರಬ್ಬರಿನಿಂದ ಉಜ್ಜಿಬಿಡುತ್ತಾಳೆಂದು ಪಕ್ಕದಲ್ಲಿ ಕೂರುವ ಹುಡುಗ ನಂದನ ಬಂದು ಗಂಗೆಗೆ ಹೇಳಿದ. ಸರಿಯಿದ್ದದ್ದನ್ನೂ ಉಜ್ಜುತ್ತಾಳಂತೆ. ಬೋರ್ಡಿಗೆ ಕರೆದರೆ ಎದ್ದು ನಿಂತು ನೆಲ ನೋಡುತ್ತಾಳಂತೆ. ದಸರಾ ರಜೆ ಮುಗಿದ ಮೇಲೆ ಅವಳು ಮಧ್ಯಾಹ್ನದ ಗಂಟೆಗೆ ಕಾಯದೆ ಅಡುಗೆಮನೆಗೆ ಬರತೊಡಗಿದಳು. ತರಕಾರಿ ಹೆಚ್ಚುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಮೇಷ್ಟ್ರು ಎರಡು ಸಲ ತರಗತಿಗೆ ಕರೆದರು. ಮೂರನೆಯ ಸಲ ಕರೆಯಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಊಟ ಮುಗಿದಿತ್ತು. ಮೂವರೂ ಹಿತ್ತಿಲಲ್ಲಿ ಬೋಗುಣಿ ತಿಕ್ಕುತ್ತಿದ್ದರು. ದೇವಕ್ಕ ಹುಡುಗಿಯ ಕೈ ನೋಡಿ ಮೆಚ್ಚಿದಳು.

"ಎಷ್ಟ್ ಸ್ವಚ್ಛ ತಿಕ್ಕತೈತಿ ನೋಡವ್ವಾ ಗಂಗಾ! ನನಗೂ ವಯಸ್ಸಾತು. ಇನ್ನೊಂದಿಷ್ಟು ವರ್ಷ ತಡಿ, ನನ್ನ ಜಾಗಾಕ್ಕ ಈಕಿನ್ನ ಹಚ್ಚಿ ಹೋಗ್ತೀನಿ."

ಮೆಚ್ಚಿಕೊಂಡೇ ಹೇಳಿದ ಮಾತು. ಭೂಮಿಕಾ ನಾಚಿ ನಕ್ಕಳು. "ಹೂಂ ದೇವಕ್ಕ" ಎಂದಳು. ನಕ್ಕ ಆ ಮುಖ ನೋಡುತ್ತಾ ಗಂಗೆ ತಿಕ್ಕುವುದನ್ನು ನಿಲ್ಲಿಸಿದಳು. ದೇವಕ್ಕ ಸೌದೆ ತರಲು ಎದ್ದು ಹೋದ ಮೇಲೆ ಮಗಳ ತೋಳು ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಕೈಯ ಬೂದಿಯೆಲ್ಲ ಹುಡುಗಿಯ ಯೂನಿಫಾರ್ಮಿಗೆ ಮೆತ್ತಿತು.

"ಭೂಮಿ, ಕೇಳು. ನೀನು ಪಾಸಾಗಿದ್ದೆ. ಸೀಟು ಬಂದಿತ್ತು. ನಾನೇ ಕಳಿಸ್ಲಿಲ್ಲ. ಎಂಬತ್ತೆಂಟು ಬಂದಿತ್ತು ನಿಂಗೆ."

ಹುಡುಗಿ ಅಮ್ಮನನ್ನು ಕನಿಕರದಿಂದ ನೋಡಿದಳು. ಮಕ್ಕಳು ದೊಡ್ಡವರನ್ನು ಹಾಗೆ ನೋಡಬಾರದು. ತೋಳು ಮೆಲ್ಲಗೆ ಬಿಡಿಸಿಕೊಂಡಳು.

"ನಾನು ಎಂಬತ್ತೇಳು ಅಂದಿದ್ದೆ ಅಂತ ನೀನು ಒಂದು ಸೇರಿಸಿ ಹೇಳ್ತಾ ಇದ್ದಿ. ನಂಗೆ ಬೇಜಾರಿಲ್ಲ ಅಮ್ಮ."

"ಇಲ್ಲ ಮಗಾ, ದೇವರಾಣೆ..."

"ದೇವರ ಆಣೆ ಹಾಕಬೇಡ" ಎಂದು ಭೂಮಿಕಾ ಬೋಗುಣಿಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. "ನಿಂಗೆ ಸುಳ್ಳು ಹೇಳೂಕೆ ಬರೂದಿಲ್ಲ, ಅಮ್ಮ."