ಎಣ್ಣೆಗೂ ನೀರಿಗೂ ನಡುವೆ ಹಜೀರಾಬೀ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಾವಣಗೆರೆಯ ಆನೆಕೊಂಡದ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಹಜೀರಾಬೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿನ ತೊಟ್ಟಿಯ ಮೇಲೆ ಬಗ್ಗಿ ನಿಂತಿದ್ದಾರೆ. ತೊಟ್ಟಿಯೊಳಗೆ ಟ್ರ್ಯಾಕ್ಟರೊಂದರ ರೇಡಿಯೇಟರ್ ಮುಳುಗಿದೆ. ಅದರ ಒಂದು ಬಾಯಿಗೆ ರಬ್ಬರಿನ ಬಿರಡೆ, ಇನ್ನೊಂದಕ್ಕೆ ಗಾಳಿಯ ಪೈಪು. ಗಾಳಿ ಬಿಟ್ಟು ಸುಮ್ಮನೆ ನೋಡುತ್ತಾರೆ. ಒಂದು ಮೂಲೆಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲುಗಟ್ಟಿ ಮೇಲೇಳುತ್ತವೆ. ಆ ಜಾಗಕ್ಕೆ ಬೆರಳಿಟ್ಟು, ರೇಡಿಯೇಟರನ್ನು ಮೇಲೆತ್ತಿ, ಮೊಳೆಯಿಂದ ಒಂದು ಗೀರು ಹಾಕುತ್ತಾರೆ.

‘ಈ ಹೊತ್ತಿನಾಗೆ ಲಾರಿ ಓಡಾಟ ಕಮ್ಮಿ. ನೀರು ಅಲುಗಾಡಲ್ಲ, ಸಣ್ಣ ಗುಳ್ಳಿನೂ ಕಣ್ಣಿಗೆ ಬೀಳ್ತೈತೆ. ಆಮ್ಯಾಲೆ ನೀವು ಏನು ಕೇಳಿದ್ರೂ ಹೇಳ್ತೀನಿ, ಈಗ ಸ್ವಲ್ಪ ತಡೀರಿ’ ಎನ್ನುತ್ತಾರೆ.

ಹಜೀರಾಬೀ ಹುಟ್ಟಿದ್ದು ಹರಿಹರದಲ್ಲಿ. ಮದುವೆಯಾಗಿ ಈ ಊರಿಗೆ ಬಂದಾಗ ಶೆಡ್ಡು ಮಾವನದಾಗಿತ್ತು. ಆಗೆಲ್ಲ ಹಿತ್ತಾಳೆ, ತಾಮ್ರದ ರೇಡಿಯೇಟರುಗಳು. ಮಾವನೂ ಗಂಡನೂ ಬೆಸುಗೆ ಹಾಕುತ್ತಿದ್ದರೆ ಇವರು ಊಟದ ಡಬ್ಬಿ ತಂದವರು ಅಲ್ಲೇ ಕೂತು ನೋಡುತ್ತಿದ್ದರು. ಮಾವ ತೀರಿಕೊಂಡ ಮೇಲೆ ಗಂಡನಿಗೆ ಬೆಸುಗೆಯ ಹೊಗೆ ಒಗ್ಗದೆ ಉಸಿರು ಕಟ್ಟತೊಡಗಿತು. ಡಾಕ್ಟರು ಆ ಕೆಲಸ ಬಿಡಲೇಬೇಕೆಂದರು. ಶೆಡ್ಡನ್ನು ಬಾಡಿಗೆಗೆ ಕೊಡುವ ಮಾತು ಬಂದಾಗ ಹಜೀರಾಬೀ ತಾನೇ ನಡೆಸುತ್ತೇನೆ ಎಂದರು. ಈಗ ಅಡುಗೆ ಗಂಡನದು, ಬೆಸುಗೆ ಇವರದು.

ಮೊದಲ ಕೆಲವು ವರ್ಷ ಬಂದವರೆಲ್ಲ ‘ಯಜಮಾನ್ರು ಎಲ್ಲಿ?’ ಎಂದೇ ಕೇಳುತ್ತಿದ್ದರು. ‘ಮನಿಯಾಗೆ ಸಾರು ಕುದಿಸ್ತಾ ಅದಾರೆ ಅಂತಿದ್ದೆ. ನಗ್ತಿದ್ರು. ಕೆಲವರು ಗಾಡಿ ತಿರುಗಿಸ್ಕಂಡು ಹೋಗ್ತಿದ್ರು. ಹೋದವರಾಗೆ ಕೆಲವರು ವಾಪಸ್ಸೂ ಬಂದ್ರು’ ಎಂದು ನೆನೆಯುತ್ತಾರೆ. ಅಂಗೈ ಮೇಲೆ ಸುಟ್ಟ ಕಲೆಗಳಿವೆ. ದಿನಕ್ಕೆ ಏಳೆಂಟು ರೇಡಿಯೇಟರ್ ಕೈಗೆ ಬರುತ್ತವೆ, ಸುಗ್ಗಿಯಲ್ಲಿ ಇನ್ನೂ ಹೆಚ್ಚು. ಆದರೆ ಕಾರುಗಳಲ್ಲಿ ಈಗ ಪ್ಲಾಸ್ಟಿಕ್ ಟ್ಯಾಂಕು ಬಂದಿದೆ, ಬೆಸುಗೆ ಕೂರುವುದಿಲ್ಲ. ಹಾಗಾಗಿ ಹಳೆಯದನ್ನು ತೆಗೆದು ಯಾವುದನ್ನು ಕೂರಿಸಬೇಕೆಂದು ಹೇಳುವುದೇ ಈಗ ಅರ್ಧ ಕೆಲಸ.

ಕಳೆದ ಬೇಸಿಗೆಯಲ್ಲಿ ಆ ಅರ್ಧ ಕೆಲಸವೇ ಇವರಿಗೆ ಸಾಕುಸಾಕು ಮಾಡಿತು.

ಹರಿಹರದಲ್ಲಿ ಕಾಳುಕಡಿ ವ್ಯಾಪಾರ ಮಾಡುವ ವಾಮದೇವಪ್ಪನವರಿಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಶಕ್ತಿಯಿಲ್ಲ. ಕ್ಲಚ್ ತುಳಿಯಲಾಗದ ಕಾರಣ ಹಳೆಯದೊಂದು ಆಟೊಮ್ಯಾಟಿಕ್ ಗೇರಿನ ಕಾರು ಇಟ್ಟುಕೊಂಡಿದ್ದಾರೆ. ಹೆಂಡತಿ ಕಸ್ತೂರಮ್ಮನವರ ಮೂತ್ರಪಿಂಡ ಕೆಟ್ಟಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಅವರನ್ನು ದಾವಣಗೆರೆಗೆ ಕರೆತರುವುದು ಆ ಕಾರಿನಲ್ಲೇ. ಒಂದು ದಿನ ಹೆಂಡತಿಯನ್ನು ಆಸ್ಪತ್ರೆಗೆ ಬಿಟ್ಟು ಹೊರಟಾಗ ಎಂಜಿನ್ ಕಾದು ಹೊಗೆ ಎದ್ದಿತು. ಯಾರೋ ತಳ್ಳಿ, ಯಾರೋ ಎಳೆದು, ಕಾರು ಹಜೀರಾಬೀಯವರ ಶೆಡ್ಡು ಸೇರಿತು.

ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗೆ ನೀರಿರಲಿಲ್ಲ. ಗುಲಾಬಿ ಬಣ್ಣದ ಕೆನೆಯಂಥದ್ದಿತ್ತು. ಇಂಥ ಕಾರಿನಲ್ಲಿ ಗೇರಿನ ಪೆಟ್ಟಿಗೆಯ ಕೆಂಪು ಎಣ್ಣೆಯೂ ತಣ್ಣಗಾಗಲು ರೇಡಿಯೇಟರಿಗೇ ಬರುತ್ತದೆ. ಕೆಳಗಿನ ಟ್ಯಾಂಕಿನೊಳಗೆ ಅದಕ್ಕೆಂದೇ ಒಂದು ನಳಿಗೆ ಇರುತ್ತದೆ. ಹೊರಗೆ ನೀರು, ಒಳಗೆ ಎಣ್ಣೆ. ಆ ನಳಿಗೆ ಒಡೆದು ಎರಡೂ ಬೆರೆತಿದ್ದವು.

‘ಇದನ್ನ ಹಿಂಗೇ ಓಡಿಸಿದ್ರೆ ಗೇರಿಗೆ ನೀರು ಹೋಗ್ತೈತೆ ಅಣ್ಣಾರೆ. ಆಮ್ಯಾಲೆ ಗಾಡಿ ಗುಜರಿಗೇ’ ಎಂದರು ಹಜೀರಾಬೀ.

‘ನಾಡಿದ್ದು ಮತ್ತೆ ಬರಬೇಕು ತಂಗ್ಯವ್ವ. ಯಾವುದಾರ ಒಂದು ಹಾಕಿ ಕಳಿಸು.’

ಯಾವುದೋ ಒಂದು ಸುಲಭವಾಗಿ ಸಿಗುತ್ತಿತ್ತು. ಅದೇ ಕಾರಿನ ಕ್ಲಚ್ ಇರುವ ಮಾದರಿಯ ರೇಡಿಯೇಟರ್ ಪೇಟೆಯಲ್ಲೇ ಇತ್ತು. ಉದ್ದಗಲ ಒಂದೇ, ಕೂರಿಸುವ ತೂತುಗಳೂ ಒಂದೇ. ಎಣ್ಣೆಯ ಎರಡು ಬಾಯಿ ಮಾತ್ರ ಇಲ್ಲ. ಹಜೀರಾಬೀಗೆ ಗೇರಿನ ಪೆಟ್ಟಿಗೆಯ ವಿಚಾರ ಅಷ್ಟು ಗೊತ್ತಿಲ್ಲ. ದೇವರಾಜ ಅರಸು ಬಡಾವಣೆಯಲ್ಲಿ ಗ್ಯಾರೇಜ್ ಇಟ್ಟಿರುವ ಅರುಣ್ ಕುಮಾರನನ್ನು ಕರೆಸಿದರು. ಆತ ಗೇರಿನ ಪೆಟ್ಟಿಗೆಯ ಅಳತೆಕಡ್ಡಿ ಎಳೆದು ಎಣ್ಣೆ ಮೂಸಿದ. ಸ್ವಲ್ಪ ಮಬ್ಬಾಗಿತ್ತು, ಪೂರ್ತಿ ಕೆಟ್ಟಿರಲಿಲ್ಲ.

‘ಆಪಾ, ಪೇಟೇದೇ ಹಾಕ್ರಿ. ಎಣ್ಣಿಗೆ ಬ್ಯಾರೆ ಕೂಲರ್ ಮುಂದೆ ಕಟ್ಟಣ. ಆಗ್ತೈತೆ.’

‘ಆಗ್ತೈತೆ, ಇಲ್ಲ ಅನ್ನಲ್ಲ. ಆದ್ರೆ ಎಲ್ಲಿ ಕಟ್ತೀಯ, ನೋಡು. ಮುಂದೆ ಎಸಿ ಜಾಲರಿ ಕುಂತೈತೆ. ಗಾಳಿಗೆ ದಾರಿ ಎಲ್ಲೈತೆ?’

ಅರುಣ್ ಕೈ ಹಾಕಿ ಅಳೆದ. ಜಾಗ ಸಾಲದೆಂದು ಅವನೂ ಒಪ್ಪಿದ.

ಮರುದಿನ ಬೆಳಿಗ್ಗೆಯೇ ಹಜೀರಾಬೀ ಬಸ್ಸು ಹತ್ತಿ ಹರಿಹರದ ಗುಜರಿಗೆ ಹೋದರು. ಅಪಘಾತವಾಗಿ ಹಿಂಭಾಗ ನಜ್ಜುಗುಜ್ಜಾದ ಅದೇ ಮಾದರಿಯ ಆಟೊಮ್ಯಾಟಿಕ್ ಕಾರು ಅಲ್ಲಿತ್ತು. ರೇಡಿಯೇಟರಿಗೆ ಪೆಟ್ಟು ಬಿದ್ದಿರಲಿಲ್ಲ. ಬಿಚ್ಚಿಸಿ ತಂದು ತೊಟ್ಟಿಯಲ್ಲಿ ಮುಳುಗಿಸಿದರು. ಒಂದೂ ಗುಳ್ಳೆ ಏಳಲಿಲ್ಲ. ವಿಚಾರಿಸಲೆಂದು ಬಂದಿದ್ದ ವಾಮದೇವಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಇಬ್ಬರಿಗೂ ಸಮಾಧಾನವಾಯಿತು. ಆದರೂ ಹಜೀರಾಬೀ ಒಲೆ ಹೊತ್ತಿಸಿದರು. ಬಿಸಿಯಾದಾಗ ಲೋಹ ಹಿಗ್ಗುತ್ತದೆ. ತಣ್ಣಗಿದ್ದಾಗ ಮುಚ್ಚಿಕೊಂಡ ಬಿರುಕು ಆಗ ಬಾಯಿ ಬಿಡಬಹುದು. ಕುದಿಯುವ ನೀರನ್ನು ರೇಡಿಯೇಟರಿಗೆ ತುಂಬಿ ಎಣ್ಣೆಯ ನಳಿಗೆಗೆ ಗಾಳಿ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳದ ಬಾಯಲ್ಲಿ ಒಂದು ಗುಳ್ಳೆ ಬಂದು ಒಡೆಯಿತು.

‘ಇದು ಬ್ಯಾಡ’ ಎಂದರು.

‘ಒಂದು ಗುಳ್ಳಿ ತಾನೆ!’

‘ಇವತ್ತು ಒಂದು, ಅಣ್ಣಾರೆ.’

ವಾಮದೇವಪ್ಪನವರಿಗೆ ತಾಳ್ಮೆ ತಪ್ಪಿತು. ‘ನಿನ್ನ ಅನುಮಾನಕ್ಕೆ ನನ್ನ ಹೆಂಡ್ತಿ ಬಸ್ಸಿನಾಗೆ ನಿಂತು ಬರಬೇಕೇನು? ನಾನು ಆಕಿಗೆ ಅಂತ ಮಾಡೋದು ಇದೊಂದೇ ಕೆಲಸ’ ಎಂದವರೇ ಆಟೊ ಕರೆದು ಹೊರಟುಹೋದರು. ಹಜೀರಾಬೀ ಆ ರೇಡಿಯೇಟರನ್ನು ಪಕ್ಕಕ್ಕಿಟ್ಟರು. ‘ಅವತ್ತು ಊಟ ಸೇರಲಿಲ್ಲ. ಅವರು ಹೇಳಿದ್ದರಾಗೆ ತಪ್ಪೇನಿತ್ತು? ಆದ್ರೆ ಕಣ್ಣಾರೆ ಕಂಡಿದ್ದನ್ನ ಹೆಂಗೆ ಮುಚ್ಚಿಟ್ಟು ಕೊಡ್ಲಿ?’ ಎನ್ನುತ್ತಾರೆ.

ಸೊಸೆ ಇರಮ್ ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿ ಹೊಸದನ್ನು ತರಿಸಿದರು. ಡಬ್ಬಿ ಬಿಚ್ಚಿದರೆ ಮತ್ತೆ ಎಣ್ಣೆಯ ಬಾಯಿಗಳಿಲ್ಲದ ರೇಡಿಯೇಟರ್! ಅದನ್ನು ಹಿಂದಕ್ಕೆ ಕಳಿಸಿ, ಹಳೆಯದರ ಕೆಳಗಿನ ಟ್ಯಾಂಕಿನ ಫೋಟೊ ತೆಗೆದು ಅಂಗಡಿಯವರಿಗೆ ತೋರಿಸಬೇಕಾಯಿತು. ಅಷ್ಟು ದಿನವೂ ಕಸ್ತೂರಮ್ಮ ಬಸ್ಸಿನಲ್ಲೇ ಓಡಾಡಿದರು. ಒಮ್ಮೆ ಆಸ್ಪತ್ರೆಯಿಂದ ಮರಳುವಾಗ ತಾವೇ ಶೆಡ್ಡಿಗೆ ಬಂದು ಕೂತರು.

‘ನನಗೇನೂ ತೊಂದ್ರಿ ಇಲ್ಲವ್ವ. ಕಂಡಕ್ಟರ್ ಸೀಟು ಬಿಡಿಸಿ ಕೊಡ್ತಾನೆ. ಇವ್ರೇ ಮನಿಯಾಗೆ ಬಾಗ್ಲು ಕಾಯ್ಕಂಡು ಕುಂತಿರ್ತಾರೆ. ನೀನು ನಿಧಾನಕ್ಕೆ, ಸರಿಯಾಗಿ ಮಾಡು’ ಎಂದು ನೀರು ಕುಡಿದು ಹೋದರು.

ಕೊನೆಗೆ ಸರಿಯಾದದ್ದು ಬಂತು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಮಲಗಿಸಿ ತೂತುಗಳ ಜಾಗ, ದಪ್ಪ, ಎಣ್ಣೆಯ ಬಾಯಿಗಳ ಸುತ್ತಳತೆ ಎಲ್ಲವನ್ನೂ ಹೋಲಿಸಿದರು. ಹೊಸದೆಂದು ಬಿಡಲಿಲ್ಲ, ತಣ್ಣೀರು, ಬಿಸಿನೀರು ಎರಡರಲ್ಲೂ ನೋಡಿದರು. ಅರುಣ್ ಗೇರಿನ ಎಣ್ಣೆಯನ್ನು ಮತ್ತೆ ಮತ್ತೆ ಬಸಿದು, ಬಣ್ಣ ತಿಳಿಯಾಗುವ ತನಕ ಹೊಸದು ಹಾಕಿದ. ಗೇರು ಉಳಿದಿದೆಯೋ ಇಲ್ಲವೋ ಓಡಿಸಿದ ಮೇಲೇ ಗೊತ್ತಾಗುವುದೆಂದ.

ವಾಮದೇವಪ್ಪ ಬಂದು ಸ್ಟೀರಿಂಗ್ ಹಿಡಿದರು. ಹಜೀರಾಬೀ ಪಕ್ಕದಲ್ಲಿ ಕೂತರು. ಹರಿಹರದ ದಾರಿಯಲ್ಲಿ ಮೊದಲ ಗೇರು ಬದಲಾಗುವಾಗ ಕಾರು ಸಣ್ಣಗೆ ಜಗ್ಗಿತು. ದಾವಣಗೆರೆ ದಾಟುವ ಹೊತ್ತಿಗೆ ಗೇರು ಮೆತ್ತಗೆ ಬೀಳತೊಡಗಿತು, ಎಂಜಿನ್ ಬಿಸಿ ತೋರಿಸುವ ಮುಳ್ಳು ನಡುವಿನಲ್ಲೇ ನಿಂತಿತ್ತು. ಹರಿಹರದಲ್ಲಿ ಮನೆಯ ಮುಂದೆ ನಿಲ್ಲಿಸಿ, ಮುಚ್ಚಳ ತೆಗೆಯುವಷ್ಟು ಆರಲೆಂದು ಕಾದರು. ಒಳಗೆ ಎಂಜಿನ್ ತಣ್ಣಗಿಡುವ ತಿಳಿಯಾದ ಹಸಿರು ಕೂಲಂಟ್ ಮಾತ್ರ ಇತ್ತು.

‘ಅವತ್ತು ದುಡುಕಿದೆ, ಮನಸ್ಸಿಗೆ ಹಚ್ಕಬ್ಯಾಡ ತಂಗಿ’ ಎಂದರು ವಾಮದೇವಪ್ಪ.

‘ಹಚ್ಕಂಡಿದ್ರೆ ಕೆಲಸ ಮಾಡ್ತಿದ್ನೇನ್ರಿ?’

ಅದಾಗಿ ವರ್ಷವಾಗುತ್ತಾ ಬಂತು. ಕಾರು ಈಗಲೂ ವಾರಕ್ಕೆ ಮೂರು ಸಲ ದಾವಣಗೆರೆಗೆ ಬರುತ್ತದೆ. ಕಸ್ತೂರಮ್ಮ ಆಸ್ಪತ್ರೆಯಲ್ಲಿರುವಷ್ಟು ಹೊತ್ತು ವಾಮದೇವಪ್ಪ ಒಮ್ಮೊಮ್ಮೆ ಶೆಡ್ಡಿಗೆ ಬಂದು ಚಹಾ ಕುಡಿಯುತ್ತಾರೆ.

ಇನ್ನೇನಾದರೂ ಆಸೆ ಉಂಟೇ ಎಂದರೆ ಹಜೀರಾಬೀ ಕೈಯ ಮಸಿ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ. ‘ಇಷ್ಟು ವರ್ಷ ಮಂದಿ ಗಾಡಿ ತಣ್ಣಗೆ ಮಾಡಿದೀನಿ. ನನಗೆ ಓಡಿಸಾಕ ಬರಲ್ಲ. ಕ್ಲಚ್ ಇಲ್ಲದ ಗಾಡಿ ಆದ್ರೆ ಕಲೀಬಹುದೇನೋ ಅನ್ನಿಸ್ತೈತೆ. ಅಣ್ಣಾರಿಗೆ ಹೇಳಿದೆ. ಮೊದ್ಲು ಲೈಸೆನ್ಸಿಗೆ ಅರ್ಜಿ ಹಾಕು, ಆಮ್ಯಾಲೆ ಬಯಲಿಗೆ ಕರ್ಕಂಡು ಹೋಗ್ತೀನಿ ಅಂದ್ರು.’

ದನಿ ತಗ್ಗಿಸಿ ಹೇಳುತ್ತಾರೆ: ‘ಮೊನ್ನೆ ಹಾಕಿದೀನಿ.’