ಅಮ್ಮ ಕಲಿಸದ ಹಾರ

ಒದ್ದೆ ಗೋಣಿಚೀಲದ ಜೊತೆ ಸೇವಂತಿಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ಅಳುವಲ್ಲ, ಸಿಟ್ಟು. ತಾಯಿಯನ್ನು ಕಳೆದುಕೊಂಡವರಿಗೆ ಈ ಸಿಟ್ಟು ಗೊತ್ತಿರುತ್ತದೆ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಮ್ಮನ ಹೂವಿನಂಗಡಿ. ಅಡುಗೆ, ನಿದ್ದೆ, ನನ್ನ ಓದು ಎಲ್ಲ ಹಿಂದಿನ ಕೋಣೆಯಲ್ಲಿ. ಅನ್ನದ ತಟ್ಟೆಯಲ್ಲಿ ಕನಕಾಂಬರ, ಹಾಸಿಗೆಯಲ್ಲಿ ಮರುಗ, ಸ್ಕೂಲ್ ಬ್ಯಾಗಿನ ತಳದಲ್ಲಿ ಬಾಡಿದ ಗುಲಾಬಿ ಎಸಳು. ಅಪ್ಪನನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಇದ್ದವಳು ಅಮ್ಮ ಒಬ್ಬಳೇ, ಅವಳ ಕಾಟವೋ ಹತ್ತು ಜನರದ್ದು.

ಮುಡಿಯುವ ಹೂವನ್ನು ಎಷ್ಟು ಬೇಕಾದರೂ ಕಟ್ಟು ಎನ್ನುತ್ತಿದ್ದಳು. ಹಾರ ಮಾತ್ರ ಮುಟ್ಟುವಂತಿಲ್ಲ. ಅಂಗಡಿಯ ಮೊಳೆಗೆ ನೇತುಹಾಕಿದ ಹಾರ ಮದುವೆ ಕಾರಿಗೂ ಹೋಗಬಹುದು, ಹೆಣದ ಕೊರಳಿಗೂ ಹೋಗಬಹುದು. ಕಟ್ಟುವಾಗ ಯಾರಿಗೆ ಗೊತ್ತು? ಅದಕ್ಕೇ ಮಗಳ ಕೈ ಸೋಕಬಾರದು. ಊರಿನ ಬೇರೆ ಯಾವ ಹೂವಿನವರೂ ಪಾಲಿಸದ ಈ ಶಾಸ್ತ್ರವನ್ನು ಅವಳೇ ಮಾಡಿಕೊಂಡಿದ್ದಳು. ಗಿರಾಕಿ ಚೌಕಾಸಿ ಮಾಡದೆ "ಅಕ್ಕಾ, ದೊಡ್ಡದೊಂದು ಹಾರ ಕೊಡಿ" ಅಂದರೆ ಸಾವಿನ ಮನೆಯವರೇ ಎಂದು ಅವಳ ಲೆಕ್ಕ. ತಕ್ಷಣ ನನ್ನ ಕಡೆ ತಿರುಗಿ, ಸಿಟ್ಟಿಗೆಂದೇ ಇಟ್ಟುಕೊಂಡಿದ್ದ ತೆಲುಗಿನಲ್ಲಿ "ಲೋಪಲಿಕಿ ಪೋವೇ!" ಎಂದು ಗದರುತ್ತಿದ್ದಳು. ಅಲ್ಲೇ ತಿಂಡಿ ತಿನ್ನುತ್ತಿದ್ದರೆ ತಟ್ಟೆ ಹಿಡಿದು ಒಳಗೆ ಓಡಬೇಕು. ನನಗೆ ಎರಡು ಮಕ್ಕಳಾದ ಮೇಲೂ ಹೀಗೇ ಓಡಿಸಿದ್ದಾಳೆ.

"ನಂಗೂ ಕಲಿಸಮ್ಮ, ನಿನ್ ಕೈ ನೋಯುತ್ತೆ" ಅಂತ ಎಷ್ಟು ಸಲ ಗೋಗರೆದಿದ್ದೇನೋ.

"ನಾನಿದೀನಲ್ಲ, ಕಟ್ತೀನಿ. ನಿಂಗ್ಯಾಕಮ್ಮ ಅದೆಲ್ಲ?"

ನೀನಿಲ್ಲದಾಗ ಏನು ಮಾಡಲಿ ಎಂದು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಹೋದ ವರ್ಷ ಅವಳು ತೀರಿಕೊಂಡಾಗ ಪಕ್ಕದ ಹೂವಿನಂಗಡಿಯ ಜಯಕ್ಕ ಹಾರ ಕಟ್ಟಲು ಕೂತರು. ಬುಟ್ಟಿ ಕಿತ್ತುಕೊಂಡೆ. ನಮ್ಮಮ್ಮನಿಗೆ ನಾನೇ ಕಟ್ಟಬೇಕು. ದಾರ ಬಿಗಿ ಮಾಡಿದರೆ ಸೇವಂತಿಗೆಯ ತೊಟ್ಟು ಮುರಿಯಿತು, ಸಡಿಲ ಬಿಟ್ಟರೆ ಹೂವು ಜಾರಿತು.

"ಕೊಡಮ್ಮ ಇಲ್ಲಿ, ಹೊತ್ತಾಯ್ತು" ಅಂದರು ಜಯಕ್ಕ.

ಕೊಡಲಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಬೋಳು. ಅದನ್ನೇ ಅವಳ ಕೊರಳಿಗೆ ಹಾಕಿದೆ. ಊರಿಗೆಲ್ಲ ಹಾರ ಕಟ್ಟಿಕೊಟ್ಟವಳು ಅಂಥದ್ದನ್ನು ಹಾಕಿಕೊಂಡು ಹೊರಟಳು. ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಅದು ಬಿಚ್ಚಿಕೊಂಡು ಹೂವು ಒಂದೊಂದಾಗಿ ರಸ್ತೆಗೆ ಬೀಳತೊಡಗಿತು. ಹಿಂದೆ ನಡೆಯುತ್ತಾ ಆಯ್ದು ಸೆರಗಿಗೆ ಹಾಕಿಕೊಂಡೆ. ಹಠಮಾರಿ ಅಮ್ಮ, ಒಂದೇ ಒಂದು ಸಲ ಹೇಳಿಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?